ಒಂದು ಪ್ರಶ್ನೆಗೆ ಒಂದು ದಿನ: ಜಾಗತಿಕ ತಂಡಗಳ ತಂತ್ರಾಂಶ ಹೇಗಿರಬೇಕು?

ಮಾನ್ಯ ಸಂಪಾದಕರೇ,

ರಾಜ್ಯ ಸರ್ಕಾರದ 2024–29ರ ಜಾಗತಿಕ ಸಾಮರ್ಥ್ಯ ಕೇಂದ್ರಗಳ, ಅಂದರೆ ವಿದೇಶಿ ಕಂಪನಿಗಳು ತಮ್ಮದೇ ಕೆಲಸಕ್ಕೆ ಇಲ್ಲಿ ತೆರೆಯುವ ಕಚೇರಿಗಳ, ನೀತಿಯ ಬಗ್ಗೆ ಪತ್ರಿಕೆಗಳಲ್ಲಿ ಬರುವ ಬರಹಗಳಲ್ಲಿ ಜಾಗ, ಕಟ್ಟಡ, ರಿಯಾಯಿತಿ, ನೇಮಕಾತಿಯ ಮಾತು ಧಾರಾಳವಾಗಿದೆ. 2029ರೊಳಗೆ 500 ಹೊಸ ಕೇಂದ್ರಗಳು, 3.5 ಲಕ್ಷ ಉದ್ಯೋಗ ಎಂಬುದು ಆ ನೀತಿಯ ಗುರಿ. ಈ ಕೇಂದ್ರಗಳಲ್ಲಿ ಕೆಲಸ ಮಾಡುವವರು ದಿನವಿಡೀ ಒಡನಾಡುವುದು ನಾಲ್ಕೈದು ತಂತ್ರಾಂಶಗಳ ಜತೆ: ಚಾಟ್, ಟಿಕೆಟ್ ಪಟ್ಟಿ (ಮಾಡಬೇಕಾದ ಕೆಲಸಗಳ ದಾಖಲೆ), ಕೋಡ್ ರಿವ್ಯೂ (ಒಬ್ಬರು ಬರೆದ ಕೋಡನ್ನು ಇನ್ನೊಬ್ಬರು ಓದಿ ಒಪ್ಪುವುದು), ಕ್ಯಾಲೆಂಡರ್, ವಿಡಿಯೊ ಕರೆ. ಅವರು ಎಷ್ಟು ಹೊತ್ತಿಗೆ ಮನೆ ಸೇರುತ್ತಾರೆ, ಊಟಕ್ಕೆ ಕೂತಾಗ ಫೋನು ಎಷ್ಟು ಸಲ ಬಡಿದುಕೊಳ್ಳುತ್ತದೆ ಎಂಬುದು ಬಹುಮಟ್ಟಿಗೆ ಈ ತಂತ್ರಾಂಶಗಳ ವಿನ್ಯಾಸದಿಂದಲೇ ತೀರ್ಮಾನವಾಗುತ್ತದೆ. ಅದರ ಬಗ್ಗೆ ಮಾತ್ರ ಚರ್ಚೆ ಕಾಣುವುದಿಲ್ಲ. ಇಂಥ ತಂತ್ರಾಂಶ ಕಟ್ಟುವವರೂ ಅವನ್ನು ಆಯ್ದು ತಂಡಕ್ಕೆ ಕೊಡುವ ವ್ಯವಸ್ಥಾಪಕರೂ ಬೆಂಗಳೂರಿನಲ್ಲೇ ದೊಡ್ಡ ಸಂಖ್ಯೆಯಲ್ಲಿದ್ದಾರೆ. ಅವರಿಗೆ ಮುಟ್ಟಲಿ ಎಂದು ಈ ಪತ್ರವನ್ನು ಸ್ವಲ್ಪ ದೀರ್ಘವಾಗಿಯೇ ಬರೆಯುತ್ತಿದ್ದೇನೆ.

ಮೊದಲು ಗಡಿಯಾರದ ಲೆಕ್ಕ. ಬೆಂಗಳೂರು ಜಾಗತಿಕ ಪ್ರಮಾಣ ಸಮಯವಾದ ಯುಟಿಸಿಗಿಂತ ಐದೂವರೆ ಗಂಟೆ ಮುಂದೆ. ಸ್ಯಾನ್ ಫ್ರಾನ್ಸಿಸ್ಕೊ ಯುಟಿಸಿಗಿಂತ ಚಳಿಗಾಲದಲ್ಲಿ ಎಂಟು ಗಂಟೆ, ಬೇಸಿಗೆಯಲ್ಲಿ ಏಳು ಗಂಟೆ ಹಿಂದೆ. ಅಲ್ಲಿ ಬೆಳಗ್ಗೆ 9 ಆದಾಗ ಇಲ್ಲಿ ರಾತ್ರಿ 10.30, ಇಲ್ಲವೇ 9.30. ನ್ಯೂಯಾರ್ಕಿನ 9 ಗಂಟೆ ನಮಗೆ ಸಂಜೆ 7.30 ಅಥವಾ 6.30. ಲಂಡನ್ ಜತೆಗಾದರೆ ಎರಡೂ ಕಡೆಯವರು ಕಚೇರಿಯಲ್ಲಿರುವ ನಾಲ್ಕೈದು ಗಂಟೆ ಸಿಗುತ್ತದೆ. ಅಮೆರಿಕದ ಪಶ್ಚಿಮ ಕರಾವಳಿಯ ಜತೆ ಒಂದು ನಿಮಿಷವೂ ಸಿಗದು. ಮಂಗಳವಾರ ಬೆಳಗ್ಗೆ 11ಕ್ಕೆ ಇಲ್ಲಿಂದ ಹೋದ ಪ್ರಶ್ನೆಯನ್ನು ಅವರು ಓದುವ ಹೊತ್ತಿಗೆ ನಮಗೆ ರಾತ್ರಿ. ಉತ್ತರ ನಮ್ಮ ಕಣ್ಣಿಗೆ ಬೀಳುವುದು ಬುಧವಾರ ಬೆಳಗ್ಗೆ. ಆ ಉತ್ತರ ‘ಕೋಡಿನ ಯಾವ ಬ್ರಾಂಚ್‌ನಲ್ಲಿ?’ ಎಂಬ ಮರುಪ್ರಶ್ನೆಯಾಗಿದ್ದರೆ ಕೆಲಸ ಗುರುವಾರಕ್ಕೆ ಹೋಯಿತು. ವಾರದ ಎರಡು ತುದಿಗಳಲ್ಲಿ ಇನ್ನೂ ಕಷ್ಟ. ನಮ್ಮ ಸೋಮವಾರದ ಹಗಲೆಲ್ಲ ಅಲ್ಲಿ ಭಾನುವಾರದ ಸಂಜೆ, ರಾತ್ರಿ. ಶುಕ್ರವಾರ ಬೆಳಗ್ಗೆ ನಾವು ಕೇಳಿದ್ದಕ್ಕೆ ಉತ್ತರ ಕಾಣುವುದು ಸೋಮವಾರ. ಹೆಸರಿಗೆ ಐದು ದಿನದ ವಾರ, ಕೈಗೆ ಸಿಗುವುದು ನಾಲ್ಕೇ ಸುತ್ತು.

ಒಂದು ಪ್ರಶ್ನೆ ಹೋಗಿ ಉತ್ತರ ಬರುವ ಈ ಸುತ್ತೇ ಎಲ್ಲ ವಿನ್ಯಾಸದ ಅಳತೆಗೋಲಾಗಬೇಕು ಎಂಬುದು ನನ್ನ ವಾದ. ಈಗಿನ ಬಹುತೇಕ ಉಪಕರಣಗಳು ಒಂದೇ ಕೋಣೆಯಲ್ಲಿ, ಒಂದೇ ಹಗಲಿನಲ್ಲಿ ಕೂತವರಿಗಾಗಿ ಹುಟ್ಟಿದವು. ಅವು ಸಂದೇಶವನ್ನು ಬೇಗ ಮುಟ್ಟಿಸುವುದರಲ್ಲಿ ನಿಪುಣ. ಎದುರಿನವರು ನಿದ್ದೆಯಲ್ಲಿರುವಾಗ ಆ ವೇಗದಿಂದ ಪ್ರಯೋಜನವಿಲ್ಲ. ಬೇಕಾಗಿರುವುದು ನಾಲ್ಕು ಸುತ್ತಿನ ಕೆಲಸವನ್ನು ಒಂದೂವರೆ ಸುತ್ತಿನಲ್ಲಿ ಮುಗಿಸುವ ಏರ್ಪಾಡು. ಅದಿಲ್ಲದ ಕಡೆ ರಾತ್ರಿ ಹತ್ತರ ಕರೆ ಹುಟ್ಟಿಕೊಳ್ಳುತ್ತದೆ. ತಂತ್ರಾಂಶದ ಕೊರತೆಯನ್ನು ಎಂಜಿನಿಯರು ತನ್ನ ನಿದ್ದೆಯಿಂದ ತುಂಬಿಕೊಡುತ್ತಾನೆ.

ಇದು ಬರೀ ಊಹೆಯಲ್ಲ. ಜೇಮ್ಸ್ ಹರ್ಬ್ಸ್‌ಲೆಬ್ ಮತ್ತು ಆಡ್ರಿಸ್ ಮೊಕಸ್ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬೇರೆ ಬೇರೆ ಸ್ಥಳಗಳಿಗೆ ಹಂಚಿಹೋದ ಬದಲಾವಣೆಯ ಕೆಲಸಗಳು ಒಂದೇ ಸ್ಥಳದಲ್ಲಿ ನಡೆಯುವ ಅಂಥದೇ ಕೆಲಸಕ್ಕಿಂತ ಸುಮಾರು ಎರಡೂವರೆ ಪಟ್ಟು ಸಮಯ ತೆಗೆದುಕೊಂಡಿದ್ದವು. ಆ ತಡ ಹೆಚ್ಚಾಗಿ ಕೆಲಸದಲ್ಲಿ ಸೇರಿಕೊಂಡ ಜನರ ಸಂಖ್ಯೆಗೆ ತಳಕು ಹಾಕಿಕೊಂಡಿತ್ತು ಎಂಬುದನ್ನೂ ಅವರು ಗುರುತಿಸಿದ್ದರು. ಸ್ಥಳ ಎರಡಾದ ಕೂಡಲೇ ಒಂದು ಕೆಲಸಕ್ಕೆ ಕೈಹಾಕುವವರು ಹೆಚ್ಚುತ್ತಾರೆ, ಅವರವರ ನಡುವೆ ಕಾಯುವಿಕೆ ಬೆಳೆಯುತ್ತದೆ. ಆದ್ದರಿಂದ ಯಾವ ಚಾಟ್ ತಂತ್ರಾಂಶ ಎಂದು ಯೋಚಿಸುವ ಮೊದಲು ಕೆಲಸವನ್ನು ಎಲ್ಲಿ ಕತ್ತರಿಸಿ ಹಂಚುತ್ತೇವೆ ಎಂದು ನೋಡಬೇಕು. ಸಂಸ್ಥೆಯ ಸಂಪರ್ಕದ ಆಕಾರವೇ ಅದು ಕಟ್ಟುವ ವ್ಯವಸ್ಥೆಯ ಆಕಾರವಾಗುತ್ತದೆ ಎಂದು ಮೆಲ್ವಿನ್ ಕಾನ್ವೆ 1968ರಲ್ಲೇ ಬರೆದರು. ಪರದೆ ಅಮೆರಿಕದಲ್ಲಿ, ಅದರ ಹಿಂದಿನ ಸೇವೆ ಬೆಂಗಳೂರಿನಲ್ಲಿ, ಪರೀಕ್ಷೆ ಪೋಲೆಂಡಿನಲ್ಲಿ ಎಂದು ಪದರ ಪದರವಾಗಿ ಹಂಚಿದರೆ ಒಂದು ಬಟನ್ ಸೇರಿಸುವುದಕ್ಕೂ ಮೂರು ಊರು ಸುತ್ತಬೇಕು. ಒಂದು ಸೌಲಭ್ಯವನ್ನು ಮೊದಲಿನಿಂದ ಕೊನೆಯವರೆಗೆ ಒಂದೇ ಊರಿಗೆ ಒಪ್ಪಿಸಿದರೆ ಅರ್ಧ ಸಮಸ್ಯೆ ಹುಟ್ಟುವುದೇ ಇಲ್ಲ. ಟಿಕೆಟ್ ತಂತ್ರಾಂಶ ಇದಕ್ಕೆ ನೆರವಾಗಬಹುದು: ಕಳೆದ ಮೂರು ತಿಂಗಳಲ್ಲಿ ಯಾವ ಫೋಲ್ಡರಿನ ಬದಲಾವಣೆಗಳು ಎರಡು ಕಾಲವಲಯಗಳ ನಡುವೆ ಹೆಚ್ಚು ಸಲ ಓಡಾಡಿವೆ ಎಂದು ತೋರಿಸಿದರೆ ಸಾಕು, ಎಲ್ಲಿ ಗೆರೆ ತಪ್ಪಾಗಿ ಬಿದ್ದಿದೆ ಎಂದು ತಿಳಿಯುತ್ತದೆ.

ದೂರದ ತಂಡ ಚೆನ್ನಾಗಿ ಕೆಲಸ ಮಾಡಿದ್ದಕ್ಕೆ ಕಣ್ಣೆದುರಿನ ದೊಡ್ಡ ಉದಾಹರಣೆ ಲಿನಕ್ಸ್ ಕರ್ನಲ್, ಅಂದರೆ ಲಿನಕ್ಸ್ ಕಾರ್ಯಾಚರಣೆ ವ್ಯವಸ್ಥೆಯ ತಿರುಳು. 1991ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಆರಂಭಿಸಿದ ಈ ಯೋಜನೆಯಲ್ಲಿ ಜಗತ್ತಿನ ಹಲವು ಕಾಲವಲಯದವರು ಇದ್ದಾರೆ. ಸುಮಾರು 9–10 ವಾರಕ್ಕೊಂದು ಆವೃತ್ತಿ ಹೊರಬರುತ್ತದೆ. ದಿನನಿತ್ಯದ ಕೆಲಸಕ್ಕೆ ವಿಡಿಯೊ ಕರೆ ಇಲ್ಲ. ಬದಲಾವಣೆಗಳು ಇ–ಮೇಲ್‌ನಲ್ಲಿ ಪ್ಯಾಚ್ (ಕೋಡಿನಲ್ಲಿ ಬದಲಾದ ಸಾಲುಗಳ ತುಣುಕು) ಆಗಿ ಹೋಗುತ್ತವೆ. ಪ್ರತಿ ಪ್ಯಾಚ್‌ನ ಮೇಲೆ, ಸಮಸ್ಯೆ ಏನು, ಈ ದಾರಿ ಏಕೆ ಎಂಬ ವಿವರಣೆ ಇರಲೇಬೇಕು. ತಿದ್ದಿ ಮತ್ತೆ ಕಳಿಸುವಾಗ ‘ವಿ2’, ‘ವಿ3’ ಎಂಬ ಗುರುತು ಹಾಕಿ, ಕಳೆದ ಸಲಕ್ಕಿಂತ ಏನು ಬದಲಾಯಿತು ಎಂದು ಮೂರು ಅಡ್ಡಗೆರೆಯ ಕೆಳಗೆ ಬರೆಯುತ್ತಾರೆ. ಓದುವವರು ಮೊದಲಿಂದ ಓದಬೇಕಾಗಿಲ್ಲ. ಯಾವ ಭಾಗಕ್ಕೆ ಯಾರು ಹೊಣೆ ಎಂಬ ಪಟ್ಟಿ ಕೋಡಿನ ಜತೆಗೇ ಒಂದು ಕಡತದಲ್ಲಿದೆ, ಪ್ಯಾಚ್ ಕೊಟ್ಟರೆ ಯಾರಿಗೆ ಕಳಿಸಬೇಕೆಂದು ಹೇಳುವ ಸ್ಕ್ರಿಪ್ಟ್ ಇದೆ. ನೆನಪಿಸುವ ಮುನ್ನ ಕನಿಷ್ಠ ಒಂದು ವಾರ ಕಾಯಿರಿ ಎಂದು ನಿಯಮವೇ ಹೇಳುತ್ತದೆ. ಈ ಯೋಜನೆಯ ಅಗತ್ಯದಿಂದಲೇ 2005ರ ಏಪ್ರಿಲ್‌ನಲ್ಲಿ ಕೋಡಿನ ಬದಲಾವಣೆಗಳ ಚರಿತ್ರೆ ಇಡುವ ತಂತ್ರಾಂಶ ಗಿಟ್ ಹುಟ್ಟಿತು. ಪೂರ್ತಿ ಚರಿತ್ರೆ ಪ್ರತಿಯೊಬ್ಬರ ಯಂತ್ರದಲ್ಲೂ ಇರುವುದರಿಂದ ಎದುರಿನ ಸರ್ವರ್ ಎದ್ದಿದೆಯೋ ಇಲ್ಲವೋ ಎಂದು ಕಾಯಬೇಕಿಲ್ಲ. ಹೀಗೆ ದಾಖಲಾದ ಒಂದೊಂದು ಬದಲಾವಣೆಗೆ ಕಮಿಟ್ ಎನ್ನುತ್ತಾರೆ; ಪ್ರತಿ ಕಮಿಟ್‌ನಲ್ಲಿ ಬರೆದವರ ಸಮಯದ ಜತೆ ಅವರ ಕಾಲವಲಯದ ಅಂತರವೂ, ನಮ್ಮಲ್ಲಾದರೆ +0530 ಎಂದು, ದಾಖಲಾಗುತ್ತದೆ. ಎಲ್ಲ ಕಂಪನಿಗಳೂ ಇ–ಮೇಲ್ ಪ್ಯಾಚ್‌ಗೆ ಹೊರಳಬೇಕು ಎಂದು ಹೇಳುತ್ತಿಲ್ಲ, ಹೊಸಬರಿಗೆ ಅದು ಸುಲಭವೂ ಅಲ್ಲ. ಅಲ್ಲಿನ ಒಂದು ಗುಣ ಮಾತ್ರ ಎಲ್ಲರಿಗೂ ಬೇಕು: ಕಳಿಸಿದ ವಸ್ತು ತಾನೇ ಪೂರ್ಣವಾಗಿರುತ್ತದೆ, ಕಳಿಸಿದವರನ್ನು ಎಬ್ಬಿಸದೆ ಅದನ್ನು ಓದಿ ನಿರ್ಧರಿಸಬಹುದು.

ಈ ಗುಣವನ್ನು ಪ್ರಶ್ನೆ ಕೇಳುವ ಜಾಗಕ್ಕೆ ತರುವುದು ಹೇಗೆ? ಈಗಿನ ಚಾಟ್ ಪೆಟ್ಟಿಗೆ ಒಂದು ಖಾಲಿ ಗೆರೆ. ಅದರಲ್ಲಿ ‘ಹಾಯ್’ ಎಂದು ಬರೆದು ಉತ್ತರಕ್ಕೆ ಕಾಯುವವರಿದ್ದಾರೆ. ಪಕ್ಕದ ಮೇಜಿನವರಿಗೆ ಸರಿ, ಹದಿಮೂರೂವರೆ ಗಂಟೆ ದೂರದವರಿಗೆ ಒಂದು ದಿನ ಮಣ್ಣುಪಾಲು. ದೂರದ ಊರಿಗೆ ಕಾಗದ ಹೋಗಿ ಬರಲು ವಾರಗಟ್ಟಲೆ ಹಿಡಿಯುತ್ತಿದ್ದಾಗ ಬರೆಯುವವರು ಒಂದೇ ಹಾಳೆಯಲ್ಲಿ ಕೇಳುವುದನ್ನೆಲ್ಲ ಕೇಳಿ, ‘ನಿಮ್ಮ ಉತ್ತರ ಬರದಿದ್ದರೆ ಹದಿನೈದರಂದು ಹೊರಟುಬಿಡುತ್ತೇವೆ’ ಎಂದೂ ಸೇರಿಸುತ್ತಿದ್ದರು. ಆ ಕೊನೆಯ ವಾಕ್ಯಕ್ಕೆ ತಂತ್ರಾಂಶದಲ್ಲಿ ಒಂದು ಜಾಗ ಬೇಕು. ಬೇರೆ ವಲಯದವರಿಗೆ ಪ್ರಶ್ನೆ ಬರೆಯುವಾಗ ತೆರೆದುಕೊಳ್ಳುವ ನಮೂನೆಯಲ್ಲಿ ಇಷ್ಟಿರಲಿ: ಏನು ಮಾಡಲು ಹೊರಟಿದ್ದೆ, ಏನಾಯಿತು, ಯಾವ ಕಮಿಟ್, ಯಾವ ಬಿಲ್ಡ್ (ಕೋಡಿನಿಂದ ತಯಾರಾದ ಆವೃತ್ತಿ), ಲಾಗ್ (ನಡೆದದ್ದನ್ನು ಯಂತ್ರ ಬರೆದಿಟ್ಟ ದಾಖಲೆ) ಎಲ್ಲಿದೆ, ಯಾವಾಗಿನೊಳಗೆ ಉತ್ತರ ಬೇಕು, ಉತ್ತರ ಬರದಿದ್ದರೆ ನಾನು ಏನೆಂದು ಭಾವಿಸಿ ಮುಂದುವರಿಯುತ್ತೇನೆ. ಇವುಗಳಲ್ಲಿ ಕಮಿಟ್, ಬಿಲ್ಡ್, ಲಾಗ್‌ನ ಕೊಂಡಿ ಇವನ್ನು ಯಂತ್ರವೇ ತುಂಬಬೇಕು. ಕೈಯಿಂದ ತುಂಬುವ ಜಾಗ ನಾಲ್ಕು ದಾಟಿದರೆ ಜನ ಅಲ್ಲಿ ಒಂದು ಚುಕ್ಕಿ ಒತ್ತಿ ಮುಂದೆ ಹೋಗುತ್ತಾರೆ. ನಮೂನೆ ಸೋಲುವುದು ಬಹುತೇಕ ಇಲ್ಲೇ. ‘ಉತ್ತರ ಬರದಿದ್ದರೆ’ ಎಂಬ ಜಾಗ ಎಲ್ಲಕ್ಕಿಂತ ಬೆಲೆಯುಳ್ಳದ್ದು. ಅದು ತುಂಬಿದ್ದರೆ ಆ ಕಡೆಯವರು ‘ಹಾಗೇ ಮಾಡಿ’ ಎಂದರೂ ಸಾಕು, ಏನೂ ಅನ್ನದಿದ್ದರೂ ಕೆಲಸ ನಿಲ್ಲದು. ಆದರೆ ಹಿಂದಕ್ಕೆ ತರಲಾಗದ ಕೆಲಸಗಳಿಗೆ, ಡೇಟಾಬೇಸ್ ಅಳಿಸುವುದು, ಹೊರಗಿನವರ ತಂತ್ರಾಂಶಗಳು ನಮ್ಮದರೊಡನೆ ಮಾತಾಡಲು ಬಳಸುವ ಎಪಿಐ ಬದಲಿಸುವುದು ಇಂಥವಕ್ಕೆ, ಮೌನವನ್ನು ಒಪ್ಪಿಗೆ ಎಂದು ಎಣಿಸಲು ತಂತ್ರಾಂಶ ಬಿಡಬಾರದು.

ಇನ್ನು ನೋಟಿಫಿಕೇಶನ್. ಹೆಸರಿನ ಪಕ್ಕದ ಹಸಿರು ಚುಕ್ಕಿ ಹೇಳುವುದು ಫೋನು ಚಾಲೂ ಇದೆ ಎಂದಷ್ಟೇ. ರಾತ್ರಿ ಹನ್ನೊಂದಕ್ಕೆ ಮಗುವಿನ ಜ್ವರದ ಔಷಧಿ ಹುಡುಕಲು ಫೋನು ತೆಗೆದವರೂ ಹಸಿರಾಗಿ ಕಾಣುತ್ತಾರೆ, ಅಮೆರಿಕದ ಸಹೋದ್ಯೋಗಿ ಪ್ರಾಮಾಣಿಕವಾಗಿಯೇ ‘ಇದ್ದೀರಲ್ಲ’ ಎಂದು ಕೇಳುತ್ತಾರೆ. ಚುಕ್ಕಿಯ ಬದಲು ‘ಇವರಿಗೆ ಈಗ ರಾತ್ರಿ 11.10, ಮುಂದಿನ ಕೆಲಸದ ಹೊತ್ತು ಇನ್ನು ಹತ್ತು ಗಂಟೆ ಕಳೆದ ಮೇಲೆ’ ಎಂದು, ಸಂದೇಶ ಬರೆಯುವ ಪೆಟ್ಟಿಗೆಯ ಮೇಲೆಯೇ ತೋರಿಸಿದರೆ ಕಳಿಸುವವರ ನಡತೆ ತಾನಾಗಿ ಬದಲಾಗುತ್ತದೆ. ಡೀಫಾಲ್ಟ್ ಹೀಗಿರಲಿ: ಸಂದೇಶ ಚಾನೆಲ್‌ನಲ್ಲಿ ಕೂಡಲೇ ಕಾಣಲಿ, ಸದ್ದು ಮಾತ್ರ ಸ್ವೀಕರಿಸುವವರ ಕೆಲಸದ ಹೊತ್ತಿಗೆ ಆಗಲಿ. ಸಂದೇಶವನ್ನೇ ತಡೆಹಿಡಿದರೆ ಬೇರೆ ತೊಂದರೆ. ಮಾತುಕತೆಯ ಕ್ರಮ ತಪ್ಪುತ್ತದೆ, ರಾತ್ರಿ ತಾವಾಗಿ ನೋಡಬಯಸುವವರಿಗೂ ಸಿಗುವುದಿಲ್ಲ. ತುರ್ತಿನ ಮಟ್ಟಗಳು ಎರಡೇ ಇರಲಿ, ‘ನಾಳೆ ನೋಡಿದರೆ ಸಾಕು’ ಮತ್ತು ‘ಎಬ್ಬಿಸಿ’. ಐದು ಮಟ್ಟ ಇಟ್ಟ ಕಡೆಯೆಲ್ಲ ಕೆಲವು ವಾರಗಳಲ್ಲಿ ಎಲ್ಲವೂ ಮೇಲಿನೆರಡಕ್ಕೆ ಏರಿಬಿಡುತ್ತವೆ. ‘ಎಬ್ಬಿಸಿ’ ಎಂಬುದು ವ್ಯಕ್ತಿಗೆ ಹೋಗಬಾರದು, ಆ ವಾರ ತುರ್ತು ಕರೆಗೆ ಸಿದ್ಧರಿರುವವರ ಆನ್–ಕಾಲ್ ಸರದಿಗೆ ಹೋಗಬೇಕು, ಕಾರಣ ಬರೆಯದೆ ಒತ್ತಲಾಗಬಾರದು, ತಿಂಗಳ ಕೊನೆಗೆ ಎಷ್ಟು ಸಲ ಯಾರು ಒತ್ತಿದರು ಎಂಬ ಪಟ್ಟಿ ವ್ಯವಸ್ಥಾಪಕರ ಮುಂದೆ ಬರಬೇಕು.

ಇದರ ಬೆನ್ನಿಗೇ ಇನ್ನೊಂದು ಸಮಸ್ಯೆ ಬರುತ್ತದೆ. ರಾತ್ರಿಯ ಸದ್ದನ್ನು ತಡೆದಾಗ ಬೆಳಗ್ಗೆ 9.30ಕ್ಕೆ ನಲವತ್ತು ಸಂದೇಶ ಒಮ್ಮೆಗೇ ಬೀಳುತ್ತವೆ. ಹೊಸದು ಮೇಲೆ, ಹಳೆಯದು ಕೆಳಗೆ ಎಂಬ ಸಾಮಾನ್ಯ ಕ್ರಮ ಇಲ್ಲಿ ತಪ್ಪು. ನಿಮ್ಮ ಉತ್ತರಕ್ಕೆ ಕೆಲಸ ನಿಲ್ಲಿಸಿ ಕೂತವರು ಮೊದಲು, ನೀವು ಕೇಳಿದ್ದಕ್ಕೆ ಬಂದ ಉತ್ತರ ಎರಡನೆಯದು, ನಿಮ್ಮ ಗಮನಕ್ಕೆ ಎಂದು ಸೇರಿಸಿದ್ದು ಕೊನೆಗೆ. ಈ ವಿಂಗಡಣೆಗೆ ಕೃತಕ ಬುದ್ಧಿಮತ್ತೆ ಬೇಕಾಗಿಲ್ಲ, ಮೇಲೆ ಹೇಳಿದ ನಮೂನೆ ತುಂಬಿದ್ದರೆ ಸಾಕು. ಈಗ ಎಲ್ಲೆಡೆ ಸೇರಿಸುತ್ತಿರುವ ‘ಸಾರಾಂಶ’ ಬಟನ್ ಮಾತುಕತೆಯನ್ನು ಚಿಕ್ಕದು ಮಾಡುತ್ತದೆ, ನಿಜ. ಯಾರು ಯಾರಿಗೆ ಕಾಯುತ್ತಿದ್ದಾರೆ ಎಂಬುದು ಎಲ್ಲೂ ದಾಖಲಾಗಿಲ್ಲದಿದ್ದರೆ ಅದು ಊಹಿಸುತ್ತದೆ, ಊಹೆ ತಪ್ಪಿದರೆ ಮತ್ತೊಂದು ದಿನ ಹೋಗುತ್ತದೆ.

ಕೋಡ್ ರಿವ್ಯೂನಲ್ಲಿ ಸುತ್ತುಗಳು ಅತಿ ಹೆಚ್ಚು ಪೋಲಾಗುತ್ತವೆ, ಉಳಿಸುವ ದಾರಿಯೂ ಇಲ್ಲೇ ಹೆಚ್ಚು. ಖಾಲಿ ಜಾಗ, ಅಲ್ಪವಿರಾಮ, ಹೆಸರಿನ ಶೈಲಿ ಇಂಥ ತಕರಾರನ್ನು ಮನುಷ್ಯರು ಬರೆಯಲೇಬಾರದು, ಕೋಡನ್ನು ತಾನಾಗಿ ಒಪ್ಪಮಾಡುವ ಫಾರ್ಮ್ಯಾಟರ್ ಮೊದಲೇ ಸರಿಮಾಡಿರಬೇಕು. ಯಂತ್ರ ನಡೆಸುವ ಪರೀಕ್ಷೆಗಳು ಮುಗಿದು ಹಸಿರಾಗುವ (ಪಾಸಾಗುವ) ತನಕ ರಿವ್ಯೂ ಕೋರಿಕೆ ಹೊರಗೆ ಹೋಗಬಾರದು, ಇಲ್ಲದಿದ್ದರೆ ಆ ಕಡೆಯವರು ಬೆಳಗ್ಗೆ ಎದ್ದು ನೋಡುವುದು ‘ಬಿಲ್ಡ್ ಫೇಲ್’. ಬದಲಾವಣೆ 200–400 ಸಾಲಿನೊಳಗೆ ಇರಲಿ. ಅದಕ್ಕಿಂತ ದೊಡ್ಡದನ್ನು ಒಬ್ಬರು ಒಂದು ಕೂರುವಿಕೆಯಲ್ಲಿ ಗಮನಕೊಟ್ಟು ಓದುವುದು ಕಷ್ಟ, ‘ನಾಳೆ ನೋಡುವೆ’ ಎಂದು ಪಕ್ಕಕ್ಕಿಡುತ್ತಾರೆ. ಆದರೆ ಚಿಕ್ಕದಾಗಿ ಕತ್ತರಿಸಿದರೆ ಒಂದರ ಮೇಲೊಂದು ನಿಂತ ಐದು ಬದಲಾವಣೆಗಳಾಗುತ್ತವೆ. ಮೊದಲನೆಯದು ಒಪ್ಪಿಗೆಯಾಗುವ ತನಕ ಎರಡನೆಯದನ್ನು ತೆರೆಯಲು ಬಿಡದ ತಂತ್ರಾಂಶದಲ್ಲಿ ಐದು ದಿನ ಹೋಯಿತು. ಐದನ್ನೂ ಸರಪಳಿಯಾಗಿ ಒಟ್ಟಿಗೆ ತೋರಿಸಿ, ಒಂದೇ ರಾತ್ರಿಯಲ್ಲಿ ಐದಕ್ಕೂ ಅಭಿಪ್ರಾಯ ಪಡೆಯುವ ಸೌಲಭ್ಯವಿಲ್ಲದೆ ‘ಚಿಕ್ಕದಾಗಿ ಕಳಿಸಿ’ ಎಂದು ಉಪದೇಶಿಸುವುದು ನ್ಯಾಯವಲ್ಲ.

ಅಭಿಪ್ರಾಯ ಬರೆಯುವವರ ಕಡೆಯೂ ಬದಲಾಗಬೇಕು. ಪ್ರತಿ ಟಿಪ್ಪಣಿಗೆ ‘ತಿದ್ದಲೇಬೇಕು’ ಅಥವಾ ‘ನಿಮ್ಮಿಷ್ಟ’ ಎಂಬ ಗುರುತು ಕಡ್ಡಾಯವಾಗಲಿ. ಗುರುತಿಲ್ಲದ ‘ಇದು ಹೀಗೇಕೆ?’ ಎಂಬ ಟಿಪ್ಪಣಿಯನ್ನು ಕಿರಿಯ ಎಂಜಿನಿಯರು ಆದೇಶ ಎಂದೇ ಓದುತ್ತಾರೆ. ಹಿರಿಯರನ್ನು ಎದುರು ಪ್ರಶ್ನಿಸಲು ಹಿಂಜರಿಯುವ ನಮ್ಮಲ್ಲಿ ಇದು ಇನ್ನೂ ಹೆಚ್ಚು. ಚಿಕ್ಕ ತಿದ್ದುಪಡಿಯಾದರೆ ರಿವ್ಯೂ ಮಾಡುವವರೇ ಸಾಲನ್ನು ಬರೆದು ಕೊಡಲಿ, ಬರೆದವರು ಒಂದು ಒತ್ತಿನಲ್ಲಿ ಸ್ವೀಕರಿಸಲಿ. ಎಲ್ಲಕ್ಕಿಂತ ಉಪಯುಕ್ತವಾದುದು ಷರತ್ತಿನ ಒಪ್ಪಿಗೆ: ‘ಈ ಎರಡನ್ನು ತಿದ್ದಿ, ಪರೀಕ್ಷೆ ಹಸಿರಾದರೆ ನನ್ನನ್ನು ಮತ್ತೆ ಕೇಳಬೇಡಿ’. ತಿದ್ದುಪಡಿ ಹೇಳಿದ ಸಾಲುಗಳನ್ನು ಬಿಟ್ಟು ಬೇರೆಡೆ ಹೋಗಿದ್ದರೆ ಒಪ್ಪಿಗೆ ತಾನಾಗಿ ರದ್ದಾಗಬೇಕು. ಈ ಕಾವಲು ಇಲ್ಲದಿದ್ದರೆ ಭದ್ರತಾ ವಿಭಾಗ ಷರತ್ತಿನ ಒಪ್ಪಿಗೆಯನ್ನೇ ಮುಚ್ಚಿಸುತ್ತದೆ. ಇನ್ನು ಕೋಡಿನ ಹೊಣೆಗಾರರ ಕಡತ: ಪ್ರತಿ ಮುಖ್ಯ ಫೋಲ್ಡರಿಗೆ ಪ್ರತಿ ವಲಯದಲ್ಲೂ ಕನಿಷ್ಠ ಒಬ್ಬರು ಒಪ್ಪಿಗೆ ಕೊಡಬಲ್ಲವರು ಇರಬೇಕು. ಬೆಂಗಳೂರಿನವರೇ ಬರೆದ, ಬೆಂಗಳೂರಿನವರೇ ಕಾಪಾಡುವ ಕೋಡಿಗೂ ಒಪ್ಪಿಗೆಯ ಅಧಿಕಾರ ಅಮೆರಿಕದಲ್ಲೇ ಉಳಿದುಕೊಂಡಿರುವ ಕಡತಗಳು ಬಹಳ ಇವೆ. ತಂಡ ಬೆಳೆದರೂ ಕಡತವನ್ನು ಯಾರೂ ತಿದ್ದಿರುವುದಿಲ್ಲ. ಆರು ತಿಂಗಳಿಗೊಮ್ಮೆ ‘ಈ ಫೋಲ್ಡರಿನ ಬದಲಾವಣೆಗಳಲ್ಲಿ ಹೆಚ್ಚಿನವು ಈ ವಲಯದವು, ಇಲ್ಲಿ ಹೊಣೆಗಾರರೇ ಇಲ್ಲ’ ಎಂದು ತಂತ್ರಾಂಶ ಎಚ್ಚರಿಸಬೇಕು.

ಸೂರ್ಯನ ಹಿಂದೆ ಕೆಲಸ ಹೋಗಲಿ, ಇವರು ಮಲಗಿದಾಗ ಅವರು ಮುಂದುವರಿಸಲಿ ಎಂಬ ಯೋಚನೆ ಮಾರಾಟದ ಸ್ಲೈಡ್‌ಗಳಲ್ಲಿ ಚೆಂದ. ಹೊಸ ಕೋಡ್ ಬರೆಯುವ ಕೆಲಸಕ್ಕೆ ಅದು ಅಪರೂಪಕ್ಕೆ ಕೂಡಿಬರುತ್ತದೆ. ಅರ್ಧ ಬರೆದ ಯೋಚನೆಯನ್ನು ಇನ್ನೊಬ್ಬರಿಗೆ ದಾಟಿಸುವುದಕ್ಕೆ ಅದನ್ನು ಬರೆದು ಮುಗಿಸುವಷ್ಟೇ ಹೊತ್ತು ಬೇಕಾಗಬಹುದು. ಕೂಡಿಬರುವುದು ಸೇವೆ ಕೆಟ್ಟಾಗಿನ ದುರಸ್ತಿಗೆ, ಬಿಡುಗಡೆಯ ಪರೀಕ್ಷೆಗೆ. ಅಲ್ಲಿ ಹಸ್ತಾಂತರದ ಟಿಪ್ಪಣಿ ಪ್ರಾಣ. ಆ ದಿನದ ಕಮಿಟ್, ಟಿಕೆಟ್ ಬದಲಾವಣೆ, ಅಲಾರಂಗಳಿಂದ ತಂತ್ರಾಂಶವೇ ಕರಡು ತಯಾರಿಸಲಿ. ಅದರ ಮೇಲೆ ಮನುಷ್ಯರು ಮೂರು ಸಾಲು ಸೇರಿಸಲಿ: ಈಗ ಸ್ಥಿತಿ ಏನು, ಮುಂದೆ ಏನು ಮಾಡಬೇಕು, ಏನನ್ನು ಮುಟ್ಟಬಾರದು. ಯಂತ್ರದ ಕರಡಷ್ಟೇ ಹೋದರೆ ಎರಡು ವಾರದಲ್ಲಿ ಯಾರೂ ಓದುವುದಿಲ್ಲ. ಮೂರನೆಯ ಸಾಲು ಬಿಟ್ಟುಹೋದರೆ, ಇವರು ಬೇಕೆಂದೇ ನಿಲ್ಲಿಸಿಟ್ಟ ಸರ್ವರನ್ನು ಅವರು ಚಾಲೂ ಮಾಡುತ್ತಾರೆ. ತೆಗೆದುಕೊಳ್ಳುವವರು ‘ಈಗ ನನ್ನದು’ ಎಂದು ಒತ್ತುವ ತನಕ ಹೊಣೆ ಕೊಡುವವರ ಹೆಸರಿನಲ್ಲೇ ಇರಬೇಕು. ಒಂದು ಗಳಿಗೆಯಲ್ಲಿ ಒಂದೇ ಹೆಸರು. ‘ತಂಡ’ ಎಂದು ಬರೆದ ಟಿಕೆಟ್ ಯಾರದ್ದೂ ಅಲ್ಲ.

ಕ್ಯಾಲೆಂಡರ್‌ನ ದೋಷಗಳು ಪ್ರತಿವರ್ಷ ಅದೇ ಹೊತ್ತಿಗೆ ಮರುಕಳಿಸುತ್ತವೆ. ಭಾರತದಲ್ಲಿ ಗಡಿಯಾರ ಹಿಂದೆ ಮುಂದೆ ಮಾಡುವ ಪದ್ಧತಿ ಇಲ್ಲ. ಅಮೆರಿಕ ಮಾರ್ಚ್‌ನ ಎರಡನೇ ಭಾನುವಾರ ಮುಂದೆ ಮಾಡಿ ನವೆಂಬರ್‌ನ ಮೊದಲ ಭಾನುವಾರ ಹಿಂದೆ ಮಾಡುತ್ತದೆ. ಯುರೋಪು ಮಾರ್ಚ್ ಮತ್ತು ಅಕ್ಟೋಬರ್‌ನ ಕೊನೆಯ ಭಾನುವಾರ. 2026ರಲ್ಲಿ ಅಂದರೆ ಮಾರ್ಚ್ 8ರಿಂದ 29ರ ತನಕ, ಮತ್ತೆ ಅಕ್ಟೋಬರ್ 25ರಿಂದ ನವೆಂಬರ್ 1ರ ತನಕ, ಬೆಂಗಳೂರು–ಲಂಡನ್–ನ್ಯೂಯಾರ್ಕ್ ನಡುವಿನ ಎಂದಿನ ಅಂತರಗಳು ಒಂದಕ್ಕೊಂದು ಹೊಂದುವುದಿಲ್ಲ. ಪ್ರತಿ ವಾರದ ಮೀಟಿಂಗನ್ನು ಯುಟಿಸಿಗೆ ಬದಲಿಸಿ ಸಂಗ್ರಹಿಸಿಟ್ಟ ತಂತ್ರಾಂಶ ಗಡಿಯಾರ ಬದಲಾದ ದಿನದಿಂದಲೇ ಎಡವುತ್ತದೆ: ಮಾರ್ಚ್ ಬದಲಾವಣೆಯ ನಂತರ, ಕರೆದವರಿಗೆ ಬೆಳಗ್ಗೆ 9ಕ್ಕೆ ಇದ್ದದ್ದು 10ಕ್ಕೆ ಹೋಗುತ್ತದೆ. ಆಗಿಹೋದ ಘಟನೆಯನ್ನು ಯುಟಿಸಿಯಲ್ಲಿ ಇಡುವುದು ಸರಿ. ಮುಂದೆ ಆಗಬೇಕಾದ್ದನ್ನು ಸ್ಥಳೀಯ ಗಂಟೆ ಮತ್ತು ವಲಯದ ಪೂರ್ತಿ ಹೆಸರು, ‘ಏಷ್ಯಾ/ಕೋಲ್ಕತಾ’ ಅಥವಾ ‘ಅಮೆರಿಕ/ಲಾಸ್ ಏಂಜಲೀಸ್’ ಎಂಬಂತೆ, ಜೋಡಿಯಾಗಿ ಇಟ್ಟು ಪ್ರತಿ ಸಲ ಲೆಕ್ಕ ಹಾಕಬೇಕು. 2009ರ ಐಕ್ಯಾಲೆಂಡರ್ ಮಾನಕ, ಆರ್‌ಎಫ್‌ಸಿ 5545, ಇದಕ್ಕೆ ಅವಕಾಶ ಕೊಟ್ಟೇ ಇದೆ. ‘ಐಎಸ್‌ಟಿ’ ಎಂಬ ಮೂರಕ್ಷರ ಬೇಡ, ಇಸ್ರೇಲ್ ಮತ್ತು ಐರ್ಲೆಂಡ್ ಕೂಡ ಅದನ್ನೇ ಬಳಸುತ್ತವೆ. ಅಂತರವನ್ನು ಪೂರ್ಣ ಗಂಟೆಯಲ್ಲಿ ಆಯ್ದುಕೊಳ್ಳುವ ಪಟ್ಟಿ ನಮ್ಮ ಐದೂವರೆಗೂ ನೇಪಾಳದ ಐದೂಮುಕ್ಕಾಲಿಗೂ ಬಾಗಿಲು ಹಾಕುತ್ತದೆ.

ಸರ್ಕಾರಗಳು ಈ ನಿಯಮವನ್ನು ಥಟ್ಟನೆ ಬದಲಿಸುವುದೂ ಉಂಟು. ಮೆಕ್ಸಿಕೊ 2022ರಲ್ಲಿ ಬೇಸಿಗೆ ಸಮಯವನ್ನು ದೇಶದ ಬಹುಭಾಗದಲ್ಲಿ ಕೈಬಿಟ್ಟಿತು, ಈಜಿಪ್ಟ್ 2023ರಲ್ಲಿ ಮರಳಿ ತಂದಿತು, ಅದೇ ವರ್ಷದ ಮಾರ್ಚ್‌ನಲ್ಲಿ ಲೆಬನಾನ್ ಕೊನೆಗಳಿಗೆಯಲ್ಲಿ ಮುಂದೂಡಿ ಕೆಲವೇ ದಿನಗಳಲ್ಲಿ ಹಿಂತೆಗೆದುಕೊಂಡಿತು. ಇವೆಲ್ಲ ಜಾಗತಿಕ ಕಾಲವಲಯ ದತ್ತಾಂಶದ ಹೊಸ ಆವೃತ್ತಿಯಾಗಿ ಬರುತ್ತವೆ. ಸರ್ವರ್‌ನಲ್ಲಿ ಹೊಸದು, ತಂತ್ರಾಂಶವನ್ನು ಪ್ರತ್ಯೇಕ ಪೊಟ್ಟಣವಾಗಿ ಓಡಿಸುವ ಕಂಟೇನರ್‌ನೊಳಗೆ ಎರಡು ವರ್ಷ ಹಳೆಯದು ಇದ್ದರೆ ಒಂದೇ ಮೀಟಿಂಗ್ ಎರಡು ಹೊತ್ತು ತೋರಿಸುತ್ತದೆ. ರಜೆಯ ಪಟ್ಟಿಯನ್ನೂ ದೇಶವಾರು ಇಡುವುದು ಸಾಲದು. ನವೆಂಬರ್ 1 ಬೆಂಗಳೂರಿನಲ್ಲಿ ರಾಜ್ಯೋತ್ಸವದ ರಜೆ, ಪುಣೆಯ ಕಚೇರಿಗೆ ಕೆಲಸದ ದಿನ. ‘ಭಾರತ’ ಎಂದು ಒಂದೇ ಪಟ್ಟಿ ಇಟ್ಟ ಕ್ಯಾಲೆಂಡರ್ ಆ ದಿನ ಇಲ್ಲಿನವರ ಮೇಲೆ ಮೀಟಿಂಗ್ ಹಾಕುತ್ತದೆ. ಪಟ್ಟಿ ಕಚೇರಿವಾರು ಇರಬೇಕು. ಹಾಗೆಯೇ 03/04 ಎಂದು ಬರೆದ ದಿನಾಂಕ ಇಲ್ಲಿ ಏಪ್ರಿಲ್ 3, ಅಮೆರಿಕದಲ್ಲಿ ಮಾರ್ಚ್ 4. ಬಿಡುಗಡೆಯ ದಿನವನ್ನು 2026-04-03 ಎಂದೋ ತಿಂಗಳ ಹೆಸರಿನಲ್ಲೋ ಬರೆದರೆ ಜಗಳವಿಲ್ಲ.

ಮೀಟಿಂಗ್ ಪೂರ್ತಿ ಬೇಡ ಎನ್ನಲಾಗದು. ವಿನ್ಯಾಸದ ದೊಡ್ಡ ಭಿನ್ನಾಭಿಪ್ರಾಯ, ಹೊಸಬರ ಪರಿಚಯ, ಯಾರದೋ ಮನಸ್ತಾಪ ಇವನ್ನು ಬರೆದು ಬಗೆಹರಿಸುವುದು ಕಷ್ಟ. ಹಾಗಾದರೆ ಅನನುಕೂಲ ಹಂಚಿಹೋಗಲಿ. ಕರೆಯುವವರು ಹೊತ್ತು ಆಯ್ದುಕೊಳ್ಳುವ ಪರದೆಯಲ್ಲೇ, ಆಹ್ವಾನಿತರೊಬ್ಬೊಬ್ಬರು ಕಳೆದ ನಾಲ್ಕು ವಾರದಲ್ಲಿ ತಮ್ಮ ಕೆಲಸದ ಹೊತ್ತಿನಾಚೆ ಎಷ್ಟು ಗಂಟೆ ಮೀಟಿಂಗ್‌ನಲ್ಲಿ ಕೂತರು ಎಂದು ತೋರಿಸಬೇಕು. ಆ ಅಂಕಿಗಳು ಒಂದೇ ಊರಿನ ಹೆಸರುಗಳ ಎದುರು ಬೆಳೆಯುವುದು ಕಂಡಾಗ ಮುಂದಿನ ತಿಂಗಳು ಸ್ಯಾನ್ ಫ್ರಾನ್ಸಿಸ್ಕೊದವರು ಸಂಜೆ 8ಕ್ಕೆ ಕೂರುವುದು ಸಾಧ್ಯವಾಗುತ್ತದೆ. ಬೇಸಿಗೆಯಲ್ಲಿ ಅದು ನಮಗೆ ಬೆಳಗ್ಗೆ 8.30. ಮೀಟಿಂಗ್ ಮುಗಿದ ಮೇಲೆ ಒಂದು ಗಂಟೆಯ ರೆಕಾರ್ಡಿಂಗ್ ಹಾಕಿಬಿಡುವುದು ದಾಖಲೆಯಲ್ಲ, ಮಲಗಿದ್ದವರ ಮೇಲೆ ಹೊರಿಸಿದ ಇನ್ನೊಂದು ಗಂಟೆ ಅಷ್ಟೆ. ಏನು ನಿರ್ಧಾರವಾಯಿತು, ಏಕೆ, ಯಾವ ದಾರಿಯನ್ನು ಬಿಟ್ಟೆವು, ಯಾರ ಹೊಣೆ, ಆಕ್ಷೇಪಕ್ಕೆ ಕೊನೆಯ ದಿನ ಯಾವುದು ಎಂಬ ಐದು ಸಾಲು ಕೋಡಿನ ಪಕ್ಕದಲ್ಲೇ ಕಡತವಾಗಿ ಸೇರಲಿ. ಆಕ್ಷೇಪದ ಗಡುವು ಎಲ್ಲ ವಲಯಗಳಿಗೂ ಒಂದು ಪೂರ್ಣ ಕೆಲಸದ ದಿನ ಸಿಗುವಂತೆ ತಂತ್ರಾಂಶವೇ ಲೆಕ್ಕ ಹಾಕಲಿ.

ಜಾಲದ ವಿಷಯವನ್ನು ಚುಟುಕಾಗಿ ಹೇಳುತ್ತೇನೆ. ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ನೇರ ಗೆರೆಯಲ್ಲೇ ಸುಮಾರು 14,000 ಕಿ.ಮೀ. ಗಾಜಿನ ತಂತಿಯಲ್ಲಿ ಬೆಳಕಿನ ವೇಗ ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಹೋಗಿ ಬರಲು ಕನಿಷ್ಠ 140 ಮಿಲಿಸೆಕೆಂಡ್ ಬೇಕೇ ಬೇಕು. ಕೇಬಲ್ ಬಳಸಿ ಸುತ್ತುವುದರಿಂದ ವಾಸ್ತವದಲ್ಲಿ ಇನ್ನೂ ಹೆಚ್ಚು. ಒಂದು ಪುಟ ತೆರೆಯಲು ಒಂದರ ನಂತರ ಒಂದರಂತೆ ಇಪ್ಪತ್ತು ಸಲ ಸರ್ವರ್ ಕೇಳುವ ಟಿಕೆಟ್ ತಂತ್ರಾಂಶ ಅಲ್ಲಿನವರಿಗೆ ಚುರುಕು, ಇಲ್ಲಿ ಮೂರು ಸೆಕೆಂಡಿನ ತೂಕಡಿಕೆ. ಯಾವ ಹೊಸ ಸರ್ವರ್ ಕೊಂಡರೂ ಅದು ಕರಗದು, ಕೋರಿಕೆಗಳನ್ನು ಒಟ್ಟುಗೂಡಿಸಬೇಕು, ಓದುವ ಪ್ರತಿಯನ್ನು ಈ ಖಂಡದಲ್ಲೇ ಇಡಬೇಕು. ಇಬ್ಬರು ಒಂದೇ ಟಿಕೆಟ್‌ನ ವಿವರಣೆ ತಿದ್ದಿದಾಗ ಕೊನೆಗೆ ಉಳಿಸಿದವರದ್ದೇ ನಿಲ್ಲುವ ವ್ಯವಸ್ಥೆ ಇನ್ನೊಬ್ಬರ ಬರಹವನ್ನು ಸದ್ದಿಲ್ಲದೆ ನುಂಗುತ್ತದೆ. ಪ್ರತಿ ಸಲ ಉಳಿಸುವಾಗ (ಸೇವ್ ಮಾಡುವಾಗ) ಆವೃತ್ತಿ ಸಂಖ್ಯೆಯನ್ನೂ ಕಳಿಸಿ, ಅದು ಹಳತಾಗಿದ್ದರೆ ಎರಡನ್ನೂ ಪಕ್ಕಪಕ್ಕದಲ್ಲಿ ತೋರಿಸುವುದು ಕಷ್ಟದ ಕೆಲಸವಲ್ಲ. 2024ರ ಫೆಬ್ರವರಿಯಲ್ಲಿ ಕೆಂಪು ಸಮುದ್ರದಲ್ಲಿ ಕೇಬಲ್‌ಗಳು ತುಂಡಾದಂಥ ಸಂದರ್ಭ ಮತ್ತೆ ಬರುತ್ತದೆ. ಬರೆದದ್ದು ಮೊದಲು ನಮ್ಮ ಯಂತ್ರದಲ್ಲಿ ಉಳಿದು, ದಾರಿ ಸಿಕ್ಕಾಗ ತಾನಾಗಿ ಹೊರಡುವಂತಿರಬೇಕು.

ಹೆಸರಿನ ವಿಚಾರ ಚಿಕ್ಕದೆಂದು ತಳ್ಳಿಹಾಕುವವರಿದ್ದಾರೆ. ಕರ್ನಾಟಕದಲ್ಲಿ ಎಷ್ಟೋ ಮಂದಿಗೆ ಕುಲನಾಮವಿಲ್ಲ. ಹೆಸರಿನ ಮುಂದೋ ಹಿಂದೋ ಊರಿನ, ತಂದೆಯ ಹೆಸರಿನ ಒಂದಕ್ಷರವಿರುತ್ತದೆ. ‘ಕೊನೆಯ ಹೆಸರು’ ಕಡ್ಡಾಯ ಮಾಡಿದ ನಮೂನೆಯಿಂದಾಗಿ ತಂದೆಯ ಹೆಸರಿನಿಂದಲೋ ಬರೀ ‘ಕೆ’ ಎಂದೋ ಕರೆಸಿಕೊಳ್ಳಬೇಕಾಗುತ್ತದೆ, ಹುಡುಕಿದರೆ ಸಿಗುವುದಿಲ್ಲ, ರಿವ್ಯೂ ಕೋರಿಕೆ ಬೇರೆಯವರಿಗೆ ಹೋಗುತ್ತದೆ. ಪೂರ್ತಿ ಹೆಸರಿಗೆ ಒಂದೇ ಜಾಗ, ‘ಹೇಗೆ ಕರೆಯಬೇಕು’ ಎಂಬುದಕ್ಕೆ ಇನ್ನೊಂದು, ಅಷ್ಟು ಸಾಕು. ಅಕ್ಷರಗಳನ್ನು ಕಂಪ್ಯೂಟರಿನಲ್ಲಿ ಇಡುವ ಸಾಮಾನ್ಯ ಪದ್ಧತಿ ಯುಟಿಎಫ್–8ರಲ್ಲಿ ಕನ್ನಡದ ಪ್ರತಿ ಯೂನಿಕೋಡ್ ಸಂಕೇತ ಮೂರು ಬೈಟ್ ತೆಗೆದುಕೊಳ್ಳುತ್ತದೆ. ಹೆಸರಿಗೆ 64 ಬೈಟ್ ಮಿತಿಯಿಟ್ಟ ಡೇಟಾಬೇಸ್‌ನಲ್ಲಿ 21 ಸಂಕೇತಕ್ಕೆ ಜಾಗ. ಒತ್ತಕ್ಷರ, ಸ್ವರಚಿಹ್ನೆ ಎಲ್ಲ ಬೇರೆಬೇರೆ ಸಂಕೇತಗಳಾದ್ದರಿಂದ ಸ್ವಲ್ಪ ಉದ್ದದ ಹೆಸರು ಅಕ್ಷರದ ನಡುವೆ ಕತ್ತರಿಸಿಹೋಗಬಹುದು.

ಕೊನೆಯದಾಗಿ ಅನುಮತಿ, ಯಾಕೆಂದರೆ ಮೇಲಿನದ್ದೆಲ್ಲ ಸರಿಯಿದ್ದರೂ ಕೆಲಸ ನಿಲ್ಲುವುದು ಇಲ್ಲಿ. ಮಧ್ಯಾಹ್ನ ಎರಡಕ್ಕೆ ಸೇವೆ ಕೆಟ್ಟಿದೆ, ಲಾಗ್ ನೋಡಲು ಅನುಮತಿ ಬೇಕು, ಅನುಮತಿ ಕೊಡುವವರು ಹದಿಮೂರೂವರೆ ಗಂಟೆ ಆಚೆ ನಿದ್ದೆಯಲ್ಲಿ. ಇದಕ್ಕೆ ಪರಿಹಾರವಾಗಿ ಎಲ್ಲರಿಗೂ ಕಾಯಂ ಅನುಮತಿ ಕೊಡುವುದು ಅಪಾಯಕಾರಿ. ಯುರೋಪಿನ ಬಳಕೆದಾರರ ದತ್ತಾಂಶವಾದರೆ 2018ರಿಂದ ಜಾರಿಯಲ್ಲಿರುವ ಅಲ್ಲಿನ ದತ್ತಾಂಶ ರಕ್ಷಣಾ ನಿಯಮ ಜಿಡಿಪಿಆರ್ ಅಡ್ಡ ಬರುತ್ತದೆ, ನಮ್ಮಲ್ಲೂ 2023ರ ವೈಯಕ್ತಿಕ ದತ್ತಾಂಶ ಕಾಯ್ದೆ ಇದೆ. ಆನ್–ಕಾಲ್ ಸರದಿಯಲ್ಲಿರುವವರಿಗೆ ನಾಲ್ಕು ಗಂಟೆಗೆ ತಾನಾಗಿ ಮುಗಿಯುವ ಅನುಮತಿ, ಕಾರಣ ಬರೆದ ಕೂಡಲೇ ಸಿಗಲಿ, ನೋಡಿದ್ದೆಲ್ಲ ದಾಖಲಾಗಲಿ, ವೈಯಕ್ತಿಕ ವಿವರಗಳು ಲಾಗ್ ಸೇರುವ ಮೊದಲೇ ಮರೆಯಾಗಲಿ, ಪ್ರತಿ ಊರಿನಲ್ಲೂ ಒಬ್ಬ ಅನುಮೋದಕರಿರಲಿ.

ತಂತ್ರಾಂಶ ಕೊಳ್ಳುವವರಿಗೆ ಒಂದು ಸಲಹೆ. ಮಾರುವವರು ತೋರಿಸುವ ಡೆಮೊದಲ್ಲಿ ಇಬ್ಬರೂ ಎದ್ದೇ ಇರುತ್ತಾರೆ. ಅದರ ಬದಲು ಎರಡು ವಾರ ಪ್ರಯೋಗಕ್ಕೆ ಪಡೆದು, ಬೆಂಗಳೂರಿನಲ್ಲಿ ಮೂವರು, ಅಮೆರಿಕದಲ್ಲಿ ಮೂವರಿಗೆ ಕೊಟ್ಟು, ತಮ್ಮ ಊರಿನ ಗಡಿಯಾರದಂತೆ ರಾತ್ರಿ 8ರಿಂದ ಬೆಳಗ್ಗೆ 8ರ ತನಕ ಯಾರೂ ಕೆಲಸಕ್ಕೆ ಕೂರಬಾರದೆಂದು ಕಟ್ಟುಮಾಡಿ, ಹತ್ತು ನಿಜವಾದ ಬದಲಾವಣೆಗಳನ್ನು ಅದರ ಮೂಲಕವೇ ಸಾಗಿಸಿ. ಸಂದೇಶಗಳ ಎಣಿಕೆ, ಹಸಿರು ಚುಕ್ಕಿಯ ಗಂಟೆ ಇವನ್ನು ಅಳೆಯಬೇಡಿ. ಅವು ಕೆಲಸದ ಅಳತೆಯಲ್ಲ, ಜನರ ಮೇಲಿನ ಕಾವಲು. ಬರೆದಿಡಬೇಕಾದ ಅಂಕಿ ಮೂರು: ಪ್ರತಿ ಬದಲಾವಣೆಗೆ ಎಷ್ಟು ಸುತ್ತು ಹಿಡಿಯಿತು, ಅದರಲ್ಲಿ ಕೈ ಕಟ್ಟಿ ಕಾದ ಗಂಟೆ ಎಷ್ಟು, ಕೆಲಸದ ಹೊತ್ತಿನಾಚೆ ಎಷ್ಟು ಸಲ ಫೋನು ಬಡಿಯಿತು. ಈ ಮೂರನ್ನು ತನ್ನಿಂದತಾನೇ ತೋರಿಸಲಾರದ ತಂತ್ರಾಂಶವನ್ನು ಎಷ್ಟೇ ಅಗ್ಗಕ್ಕೆ ಸಿಕ್ಕರೂ ಕೊಳ್ಳಬೇಡಿ. ರಾಜ್ಯ ಸರ್ಕಾರವೂ ತನ್ನ ನೀತಿಯಡಿ ರಿಯಾಯಿತಿ ಪಡೆಯುವ ಕೇಂದ್ರಗಳಿಂದ ಮೂರನೆಯ ಅಂಕಿಯನ್ನಾದರೂ ವರ್ಷಕ್ಕೊಮ್ಮೆ ಕೇಳಿ ಪಡೆಯಬಹುದು.

ಇಂತಿ,
ತಂತ್ರಾಂಶ ವಿನ್ಯಾಸಕಿ, ಬೆಂಗಳೂರು